ಗಂಟು ಬೀಳುವ ತನಕ ಮರಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶನಿವಾರ, ಬಾಲ್ಟಿಮೋರಿನ ಕಾಲೇಜು ಮೈದಾನದ ಪಕ್ಕ ಕಾಫಿಗೆ ಸಾಲು ನಿಂತಿತ್ತು. ಆ ಸಾಲಿನಲ್ಲಿ ಡೀಲಿಯಾಳ ಮುಂದೆ ನಿಂತಿದ್ದ ಮುದುಕ, ಬಲೆಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟದ ಕೋಲಿನ ತುದಿಗೆ ಬಲೆ ಹೆಣೆಯುತ್ತಿದ್ದ. ಅವನ ಅಂಗಿಯ ಮೇಲೆ ಒಂದು ಕಾಲೇಜಿನ ಹೆಸರು, ಪಕ್ಕದ ಹೆಂಗಸಿನ ಅಂಗಿಯ ಮೇಲೆ ಎದುರಾಳಿ ಕಾಲೇಜಿನದು.

“ನೀನು ಮುಖ್ಯ ಕೋಚ್ ಆದ ದಿನ ಹೆಣೆದು ಕೊಡ್ತೀನಿ ಅಂದಿದ್ದೆ. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ, ಮರಿ,” ಎಂದ ಮುದುಕ ಆ ಹೆಂಗಸಿಗೆ.

“ನಿಮ್ಮ ಕೈಕೆಳಗೇ ಅರ್ಧ ಆಯಸ್ಸು ಹೋಯ್ತಲ್ಲ, ವೆಂಡೆಲ್! ಆಮೇಲೆ ಊರೂರು ಸುತ್ತಿದೆ. ಎಲ್ಲಾ ಕಡೆ ಸಹಾಯಕಿ.”

“ಬಸ್ಸಲ್ಲೇ ನಿದ್ದೆ?”

“ಬಸ್ಸಲ್ಲೇ ನಿದ್ದೆ, ಹುಡುಗೀರ ಬೆವರಿನ ಅಂಗಿ ಒಗೆಯೋದು. ಇವತ್ತು ಮೊದಲ ಆಟವೇ ನಿಮ್ಮೆದುರು. ಸೋತ್ರೆ, ಇವಳಿಗೆ ಸಹಾಯಕಿ ಕೆಲಸವೇ ಸರಿ ಅಂತಾರೆ.”

“ಸೋಲಿಸೋಕೇ ಬಂದಿದೀನಿ.”

“ಮತ್ಯಾಕೆ ಇಷ್ಟು ಚೆಂದದ ಬಲೆ?”

“ಆಟಕ್ಕೆ ಮುಂಚೆ ನಿನ್ನ ಗೋಲು ಕಾಯೋಳಿಗೆ ಈ ಕೋಲಲ್ಲಿ ಚೆಂಡು ಎಸೆದು ಕೈ ಪಳಗಿಸೋಳು ನೀನೇ. ಹರುಕು ಬಲೆ ಕೊಟ್ಟು ಗೆದ್ರೆ ನಂಗೆ ನಿದ್ದೆ ಬರುತ್ತಾ, ಮರಿ?”

“ಇನ್ನೂ ಮರಿನಾ?”

“ಈ ಬಲೆಗೆ ಕೊನೇ ಗಂಟು ಬೀಳೋ ತನಕ ಮರಿನೇ.”

ಅಜ್ಜಿ ಹೇಳುತ್ತಿದ್ದ ಕಥೆಯ ಬೆಸ್ತ, ಚಂದ್ರನನ್ನು ಹಿಡಿಯಲು ಬಲೆ ಹೆಣೆದವನು, ಇವನೇ ಇರಬೇಕು ಎನಿಸಿತು ಡೀಲಿಯಾಳಿಗೆ.

ಮುದುಕ ಕೊನೆಯ ಗಂಟನ್ನು ಹಲ್ಲಿನಿಂದ ಬಿಗಿದ. ಟೊಪ್ಪಿ ತೆಗೆದು, ಎರಡೂ ಕೈಯಲ್ಲಿ ಕೋಲು ಚಾಚಿದ.

“ತಗೊಳ್ಳಿ, ಕೋಚ್.”

ಆ ಹೆಂಗಸು ಕೋಲು ತೆಗೆದುಕೊಂಡಳು. ಇಬ್ಬರೂ ಮೈದಾನದ ಒಂದೊಂದು ತುದಿಗೆ ನಡೆದರು.