ನೀರಿನ ಅಂಚಿನ ತನಕ

ಅಜ್ಜಂಪುರಕ್ಕೆ ಎರಡು ಹರದಾರಿ ಈಚೆಗೆ, ನಾಲೆಯು ಗುಡ್ಡದ ಸುರಂಗವನ್ನು ಹೊಗುವ ಮುಂಚೆ, ದಂಡೆಯ ಮೇಲೆ ದೋಣಿಕಟ್ಟೆ ಎಂಬ ತಂಗುದಾಣವಿದೆ. ತರೀಕೆರೆಯ ಕಡೆಯಿಂದ ದೋಣಿಯಲ್ಲಿ ಬಂದವರು ಇಲ್ಲಿ ಇಳಿದು, ದಣಿವಾರಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಹಗ್ಗ ಬಿಗಿಯಲು ಕಬ್ಬಿಣದ ಬಳೆಗಳು, ಮೈತೊಳೆಯಲು ಹಂಡೆಯ ಬಿಸಿನೀರು, ಬಟ್ಟೆ ಬದಲಿಸಲು ಎರಡು ಕೋಣೆ, ಉಣ್ಣಲು ಹೆಂಚಿನ ಮಾಡಿನ ಪಡಸಾಲೆ, ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಅಲ್ಲಿನ ಅನುಕೂಲ ಇಷ್ಟೇ.

ಆ ದಿನ ಮಧ್ಯಾಹ್ನವೇ ಕತ್ತಲು ಕವಿದಂತಿತ್ತು. ಮುಂಜಾನೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಕಡೂರಿನಿಂದ ಬಂದಿದ್ದ ನಿವೃತ್ತ ಪೋಸ್ಟ್‌ಮಾಸ್ಟರ್ ರಘುನಾಥ್, ಅವರ ಹೆಂಡತಿ ತ್ರಿವೇಣಿ, ದೋಣಿ ನಡೆಸುವ ತಾಹಾ, ಮೂವರೂ ಪಡಸಾಲೆಯಲ್ಲಿ ಸಿಕ್ಕಿಬಿದ್ದಿದ್ದರು. ನೂರೈನ್ ಮಾತ್ರ ದೋಣಿಯಲ್ಲಿ ಬಂದವಳಲ್ಲ. ತಂಗುದಾಣ ನೋಡಿಕೊಳ್ಳುವ ತನ್ನ ಅಜ್ಜ ದಾವೂದ್ ಸಾಬ್‌ರನ್ನು ಅಜ್ಜಂಪುರದ ಮನೆಗೆ ಕರೆದೊಯ್ಯಲೆಂದೇ ಅವಳು ಬಂದಿದ್ದಳು. ಎಪ್ಪತ್ತೆರಡು ವರ್ಷದ ಮುದುಕ ಈ ನೀರಿನ ದಂಡೆಯಲ್ಲಿ ಒಬ್ಬನೇ ಇರುವುದು ಅವಳಿಗೆ ಸಾಕಾಗಿತ್ತು. ಅವರ ಬಟ್ಟೆಗಳನ್ನು ಕೇಳದೆಯೇ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಅಜ್ಜ ಆ ಚೀಲವನ್ನು ನೋಡಿ ಒಲೆಯ ಕಡೆ ತಿರುಗಿದರು.

ಅಡಿಗೆ ಆಗಿ ಅರ್ಧ ಗಂಟೆಯಾಗಿತ್ತು. ದಾವೂದ್ ಸಾಬ್ ಬಡಿಸದೆ ಒಲೆಯ ಮುಂದೆ ಕುಳಿತೇ ಇದ್ದರು.

“ಏನ್ ಸಾಬ್ರೇ,” ಎಂದರು ರಘುನಾಥ್, “ಹುರುಳಿಕಾಳ್ ಸಾರಿನ ವಾಸ್ನೆ ತೋರ್ಸಿ ಊಟ ಹಾಕ್ದೆ ಕೂರ್ಸಿದೀರಲ್ಲ, ಇದೇನ್ ಉಪವಾಸದ ಹೋಟ್ಲಾ?”

“ಹೊಟ್ಟೆಗೆ ಮಳೆ ನೀರಾದ್ರೂ ಕುಡೀರಿ, ಸುಮ್ನಿರಿ,” ಎಂದು ತ್ರಿವೇಣಿ ಗಂಡನನ್ನು ಗದರಿದರು.

ದಾವೂದ್ ಸಾಬ್ ನಗಲಿಲ್ಲ. “ಒಂದ್ಗಳಿಗೆ ತಡೀರಿ ಸ್ವಾಮಿ. ಇಲ್ಲಿ ಮೊದಲ್ನೇ ಪಂಕ್ತಿ ನಿಮ್ದಲ್ಲ.”

“ಮತ್ಯಾರ್ದು? ಇನ್ನೊಂದು ದೋಣಿ ಬತ್ತೈತಾ?”

ತಾಹಾ ತಲೆ ತಗ್ಗಿಸಿದ. ಅದನ್ನು ನೂರೈನ್ ಗಮನಿಸಿದಳು. “ದಾದಾ, ಏನದು? ನನಗೆ ಒಂದಿನಾನೂ ಹೇಳಿಲ್ವಲ್ಲ,” ಎಂದಳು.

ಮುದುಕ ಅವಳನ್ನೂ ಬಾಗಿಲ ಬಳಿಯ ಚೀಲವನ್ನೂ ಒಮ್ಮೆ ನೋಡಿ, ಬೆಂಕಿಯನ್ನು ಸರಿಪಡಿಸಿ, ಹೇಳತೊಡಗಿದರು.

“ಹೊನ್ನಯ್ಯನ್ನ ನೀನು ನೋಡಿದ್ದೆ ಬೇಟಿ. ಎಮ್ಮೆದೊಡ್ಡಿ ಕಡೆಯೋನು, ಆಮೇಲೆ ಇಲ್ಲೇ ನಾಲೆ ಪಕ್ಕದ ತೆಂಗಿನ ತೋಟಕ್ಕೆ ಬಂದು ಕೂತೋನು. ದೋಣಿ ಶುರುವಾದಾಗ ಅವನು ಅಡಿಗೆಗೆ, ನಾನು ಹಗ್ಗಕ್ಕೂ ಹಂಡೆಗೂ. ದೋಣಿ ದಡ ಮುಟ್ಟಿದ ಕೂಡ್ಲೆ ಬೆಲ್ಲ-ನೀರು, ಬಿಸಿನೀರು, ಒಗೆದ ಟವಲು, ಆಮೇಲೆ ಎಲೆ... ಒಂದು ಕಮ್ಮಿ ಆಗಂಗಿಲ್ಲ. ನಮ್ಮನೆಗೆ ಬಂದೋರಿಗೆ ಮಾಡಿದಂಗೆ ಮಾಡ್ಬೇಕು ಕಣೋ ಅನ್ನೋನು. ಅವನ ಮನೆತನದಲ್ಲಿ ಎರಡು ಪದ್ಧತಿ ಇದ್ವು ಕಣ್ರೀ. ಹುಲ್ಲುಗಾವಲಿನ ದನಗಾಹಿಗಳು ಹೊತ್ತಲ್ಲದ ಹೊತ್ನಲ್ಲಿ ಹಸ್ಕೊಂಡು ಬರೋರಲ್ಲ, ಆ ಕಾಲದಿಂದ ಬಂದಿದ್ದು. ತಾನು ಉಣ್ಣೋಕೆ ಮುಂಚೆ ಹೊರಗೆ ನಿಂತು ಮೂರು ಸಲ ಕೂಗೋದು... ‘ಹಸಿದೋರು ಯಾರಾದ್ರೂ ಇದ್ದೀರಾ? ಬನ್ನಿ, ಎಲೆ ಹಾಕೈತೆ’ ಅಂತ. ಉಂಡೋರು ಹೊರಟಾಗ ನೀರು ಸಿಗೋ ತನಕ ಜೊತೆಗೆ ಹೋಗಿ ಕಳಿಸಿ ಬರೋದು. ಕೂಗೋವಾಗ ಯಾರ ಹೆಸರೂ ಹಿಡೀಬಾರ್ದು. ಕಳಿಸೋವಾಗ ನೀರಿಗೆ ಕಾಲಿಡಬಾರ್ದು. ಇವೆರಡನ್ನೂ ಅವನು ನನಗೆ ನೂರು ಸಲ ಹೇಳಿದ್ದ... ಅವನೇ ಎರಡನ್ನೂ ಮುರಿದ.

“ಅವನ ಮಗ ಭೈರೇಶ. ಇಪ್ಪತ್ತಾರು ವರ್ಷ. ತಾಹಾಗೆ ಹುಟ್ಟು ಹಾಕೋದು ಕಲಿಸಿದ್ದೇ ಅವನು. ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಒಂದು ಖಾಲಿ ದೋಣಿ ಬಳೆಯಿಂದ ಕಳಚ್ಕೊಂಡು ಸುರಂಗದ ಕಡೆ ಹೊರಟಿತ್ತು. ಬಿಟ್ರೆ ಹೋಗ್ತಿತ್ತು, ಮರದ ದೋಣಿ ತಾನೆ? ಧುಮುಕ್ಬಿಟ್ಟ. ದೋಣಿ ಸುರಂಗದ ಬಾಯಲ್ಲಿರೋ ಸರಪಳಿಗೆ ಸಿಕ್ಕಾಕ್ಕೊಂಡು ನಿಲ್ತು. ಅವನು ನಿಲ್ಲಲಿಲ್ಲ... ಈ ಬಾಯಲ್ಲೂ ಆ ಬಾಯಲ್ಲೂ ಒಂಬತ್ತು ದಿನ ಹುಡುಕಿದ್ರು. ನೀರು ಅವನ ಅಂಗಿ ಗುಂಡೀನೂ ವಾಪಸ್ ಕೊಡ್ಲಿಲ್ಲ.

“ಊರೋರು ಹೇಳಿದ್ರು, ಹೊನ್ನಯ್ಯ, ಕರ್ಮ ಮಾಡಪ್ಪ, ಹುಡುಗನಿಗೆ ದಾರಿ ಆಗ್ಲಿ ಅಂತ. ನಾನೂ ಹೇಳ್ದೆ. ‘ಮುಖ ನೋಡ್ದೆ ಹೆಂಗೋ ಮಾಡ್ಲಿ? ಬದುಕಿದ್ರೆ?’ ಅಂದ. ಹಠ. ಕೂಗೋದನ್ನೂ ಬಿಟ್ಟ, ಹೊಟ್ಟೆ ತುಂಬ ಉಣ್ಣೋದನ್ನೂ ಬಿಟ್ಟ. ನಲವತ್ತೊಂದನೇ ದಿನ ಇವತ್ತಿನಂಗೇ ಮಳೆ, ಒಂದು ದೋಣೀನೂ ಇಲ್ಲ. ಎದ್ದು ಮುದ್ದೆ ತಿರುವಿದ, ಸಾರು ಮಾಡ್ದ, ಒಂದು ಎಲೆ ಹಾಕ್ದ. ಮೆಟ್ಲ ಮೇಲೆ ನಿಂತು ಕೂಗಿದ... ‘ಭೈರೇಶಾ, ಉಣ್ಣೋಕೆ ಬಾರೋ ಮಗಾ.’ ಮೂರು ಸಲ. ಹೆಸರು ಹಿಡ್ದು.

“ನಾನು ಹಂಡೆ ಹತ್ರ ಇದ್ದೆ. ಒಳಗೆ ಬಂದ ಅವನು ಪಡಸಾಲೆ ಬಾಗಿಲು ಹಾಕ್ಕೊಂಡ. ಅಷ್ಟೊತ್ತಿಗೆ ಗೋಡೆ ಆಚೆ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗ್ತು. ಯಾರಪ್ಪಾ ಅಂತ ಹೋಗಿ ನೋಡ್ತೀನಿ, ಯಾರೂ ಇಲ್ಲ. ಹಬೆ ತುಂಬೈತೆ. ಟವಲು ಒದ್ದೆ, ಹಿಂಡಿದ್ರೆ ನಾಲೆ ಕೆಸರು. ಅಲ್ಲಿಂದ ಪಡಸಾಲೆ ತನಕ ಹೆಜ್ಜೆ... ಒದ್ದೆ ಹೆಜ್ಜೆ. ಒಳಕ್ಕೆ ಹೋಗಿರೋವು. ನಾನು ಬಾಯಲ್ಲಿ ಅಲ್ಲಾನ ಹೆಸರು ಹೇಳ್ಕೊಂಡು ಗೋಡೆಗೆ ಒರಗಿ ನಿಂತೆ, ಬಾಗಿಲು ತಟ್ಟೋ ಧೈರ್ಯ ಬರ್ಲಿಲ್ಲ.

“ಆಮೇಲೆ ಹೊನ್ನಯ್ಯ ನನ್ನ ಕರ್ದು ಎಲೆ ತೋರ್ಸಿದ. ಒಂದು ಚೂರೂ ಬಿಟ್ಟಿರ್ಲಿಲ್ಲ. ಎಲೆ ಮಡಚಿತ್ತು. ಹೆಂಗೆ ಮಡಚಿತ್ತು ಗೊತ್ತಾ? ನಮ್ಮ ಕಡೆ ಸೂತಕದ ಊಟ ಉಂಡೋರು ಎಲೇನ ಆಚೆಗೆ ಮಡಚ್ತಾರೆ, ಇನ್ನು ಇಂಥ ಊಟ ಬ್ಯಾಡ ಅಂತ. ಶುಭದ ಊಟಕ್ಕೆ ಒಳಕ್ಕೆ, ತಮ್ಮ ಕಡೆಗೆ. ತೃಪ್ತಿ ಆಯ್ತು, ಮತ್ತೆ ಬತ್ತೀನಿ ಅಂತ... ಈ ಎಲೆ ಒಳಕ್ಕೆ ಮಡಚಿತ್ತು. ‘ನೋಡೋ ದಾವೂದ, ನನ್ಮಗ ಉಂಡ, ನಾಳೆನೂ ಬತ್ತಾನೆ’ ಅಂತ ಹೊನ್ನಯ್ಯ ಅಳ್ತಾ ನಗ್ತಿದ್ದ.”

ರಘುನಾಥ್ ಒಲೆಯ ಹತ್ತಿರಕ್ಕೆ ಸರಿದು ಕುಳಿತರು. ತ್ರಿವೇಣಿ ಸೆರಗನ್ನು ಭುಜದ ಮೇಲೆ ಹೊದ್ದುಕೊಂಡರು. ಹೊನ್ನಯ್ಯ ಕಾಲುಜಾರಿ ನಾಲೆಗೆ ಬಿದ್ದು ಸತ್ತನೆಂದಷ್ಟೇ ನೂರೈನಳಿಗೆ ಗೊತ್ತಿತ್ತು.

“ಬಂದ ನೆಂಟನ್ನ ಕಳಿಸ್ಬೇಕಲ್ಲ?” ದಾವೂದ್ ಸಾಬ್ ದನಿ ತಗ್ಗಿಸಿದರು. “ಮಾರನೇ ದಿನ ನಾನು ದೂರದಿಂದ ನೋಡ್ದೆ. ಹೊನ್ನಯ್ಯ ಮಾತಾಡ್ತಾ ಮೆಟ್ಲು ಇಳೀತಾವ್ನೆ, ಪಕ್ಕದಲ್ಲಿ ಯಾರೂ ಕಾಣಲ್ಲ, ಒದ್ದೆ ಹೆಜ್ಜೆ ಮಾತ್ರ ಒಂದೊಂದೇ ಮೂಡ್ತೈತೆ. ನೀರಿನ ಅಂಚಿಗೆ ಬಂದು ಹೊನ್ನಯ್ಯ ನಿಂತ. ಅದೂ ನೀರೊಳಗೆ ಒಂದು ಮೆಟ್ಲು ಇಳಿದು ನಿಂತಿರ್ಬೇಕು, ಅಲ್ಲಿ ನೀರು ಸುಳಿ ತಿರುಗ್ತಿತ್ತು. ಕಾಯ್ತಾ ಇತ್ತು. ಹೊನ್ನಯ್ಯ ಆ ಕಡೆ ಈ ಕಡೆ ನೋಡಿ... ಒಂದು ಮೆಟ್ಲು ಇಳ್ದ. ವಾಪಸ್ ಬಂದಾಗ ಪಾದ ಒದ್ದೆ. ‘ಏನ್ ಮಾಡ್ಲೋ, ಇನ್ನೊಂದು ಹೆಜ್ಜೆ ಬಾ ಅಪ್ಪಯ್ಯ ಅಂತಾನೆ’ ಅಂದ. ಅದರ ಮಾರನೇ ದಿನ ಮೊಣಕಾಲು. ಆಮೇಲೆ ಪಂಚೆ ಸೊಂಟದ ತನಕ ಒದ್ದೆ. ಮೇಲಿಂದ ನಾನು ಮೆಟ್ಲು ಎಣಿಸ್ತಿದ್ದೆ ಕಣ್ರೀ. ನೀರೊಳಗೆ ಇನ್ನು ನಾಲ್ಕು ಮೆಟ್ಲು, ಆಮೇಲೆ ತಳ ಇಲ್ಲ.

“ಸುಮ್ನೆ ಹೆಂಗೆ ಇರ್ಲಿ? ನಲವತ್ತು ವರ್ಷದ ಸ್ನೇಹ. ಗುರುವಾರ ಅವನು ಎಲೆ ಎತ್ತೋಕೆ ಬಗ್ಗಿದಾಗ ನಾನೇ ಮುಂದಾಗಿ ಹೆಜ್ಜೆ ಹಿಂದೆ ಹೋದೆ. ಒಣಗಿದ ಕೊನೇ ಮೆಟ್ಲಲ್ಲಿ ನಿಂತು ಕೇಳ್ದೆ, ‘ನೀನ್ಯಾರಪ್ಪಾ? ಭೈರೇಶನಾ?’ ಅಂತ. ನೀರು ನಿಂತ್ಬಿಡ್ತು. ಹರಿಯೋ ನಾಲೆ... ನಿಂತ್ಬಿಡ್ತು. ಒಂದು ದನಿ ಬಂತು. ಭೈರೇಶನ ದನಿ ನನಗೆ ಗೊತ್ತಿಲ್ವಾ? ತೊಡೆ ಮೇಲೆ ಆಡಿಸಿದೋನು ನಾನು. ಅದು ಅವನ್ದಲ್ಲ. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ‘ದಿನಾ ಕರೀತಿದ್ರಲ್ಲ’ ಅಂತು. ‘ಹೆಸರಿರ್ಲಿಲ್ಲ, ಬರೋಕಾಗ್ತಿರ್ಲಿಲ್ಲ. ಈಗ ಒಂದು ಹೆಸರು ಕೊಟ್ರಲ್ಲ’ ಅಂತು.”

ತಾಹಾ ಎದ್ದು ಹೋಗಿ ಪಡಸಾಲೆಯ ಬಾಗಿಲನ್ನು ಮುಂದಕ್ಕೆ ಎಳೆದ.

“ಬಾಗಿಲು ಹಾಕ್ಬ್ಯಾಡ ಕಣಪ್ಪ,” ಎಂದರು ಮುದುಕ, ಮೆಲ್ಲಗೆ. ತಾಹಾ ಅದನ್ನು ಹಾಗೆಯೇ ಅರ್ಧ ಬಿಟ್ಟು ಬಂದು ಕುಳಿತ.

“ಓಡಿ ಬಂದು ಹೊನ್ನಯ್ಯಂಗೆ ಹೇಳ್ದೆ. ಅದು ನಿನ್ಮಗ ಅಲ್ಲ ಕಣೋ, ಕೈ ಮುಗೀತೀನಿ, ನಾಳೆ ಎಲೆ ಹಾಕ್ಬ್ಯಾಡ ಅಂದೆ. ಅವನು ನನ್ನ ಮುಖಾನೇ ನೋಡ್ದ. ಕೋಪ ಇರ್ಲಿಲ್ಲ. ‘ಲೇ ದಾವೂದ, ನಿನ್ ಹೆಂಡ್ತಿ ಉಮ್ಮೆ ಕುಲ್ಸುಮ್ ಹೋಗಿ ಆರು ವರ್ಷ ಆಯ್ತು. ನಾಳೆ ಒದ್ದೆ ಕಾಲಲ್ಲಿ ಬಂದು ನಿನ್ ಮನೇಲಿ ಊಟಕ್ಕೆ ಕೂತ್ರೆ, ನೀನ್ಯಾರು ಅಂತ ಕೇಳ್ತೀಯೇನೋ?’ ಅಂದ.

“ಏನು ಹೇಳ್ಲಿ? ನೀವೇ ಹೇಳಿ... ಏನು ಹೇಳ್ಬೇಕಿತ್ತು ನಾನು? ನಾನು ಐದು ಹೊತ್ತು ದೇವರ ಮುಂದೆ ತಲೆ ಬಗ್ಗಿಸೋನು. ಕೇಳ್ತೀನಿ ಅಂತ ಅನ್ಬೇಕಿತ್ತು. ನಾಲಿಗೆ ಏಳ್ಲಿಲ್ಲ. ಆ ಒಂದು ಮಾತು ನಾನು ಆಡಿದ್ರೆ ಅವನು ನಿಲ್ತಿದ್ನೇನೋ.

“ಮಾರನೇ ದಿನ ಶುಕ್ರವಾರ. ವಾರದಲ್ಲಿ ಅದೊಂದೇ ಮಧ್ಯಾಹ್ನ ನಾನು ಇಲ್ಲಿರಲ್ಲ, ಜುಮ್ಮಾ ನಮಾಜಿಗೆ ಅಜ್ಜಂಪುರಕ್ಕೆ ಹೋಗ್ತೀನಿ. ಹೊರಡೋವಾಗ ಆಣೆ ಹಾಕಿಸ್ಕೊಂಡೆ, ನಾನು ಬರೋ ತನಕ ಕೂಗ್ಬ್ಯಾಡ ಅಂತ. ಆಯ್ತು ಹೋಗಪ್ಪ ಅಂದ. ನಮಾಜಲ್ಲಿ ಮನಸ್ಸು ನಿಲ್ಲಲಿಲ್ಲ, ಮುಗಿದ ಕೂಡ್ಲೆ ಯಾರದೋ ಬೈಕ್ ಹತ್ತಿ ಬಂದೆ. ಪಡಸಾಲೇಲಿ ಎರಡು ಎಲೆ. ಒಂದರ ಪಕ್ಕ ಒಂದು. ಅಪ್ಪ ಮಗ ಕೂತಂಗೆ. ಹೊನ್ನಯ್ಯ ಜೊತೇಲಿ ಕೂತು ಉಂಡಿದ್ದ, ನಲವತ್ತೇಳು ದಿನದ ಮೇಲೆ ಹೊಟ್ಟೆ ತುಂಬ. ಎರಡು ಎಲೇನೂ ಒಳಕ್ಕೇ ಮಡಚಿತ್ತು.

“ಒಣಗಿದ ಕೊನೇ ಮೆಟ್ಲಲ್ಲಿ ಅವನ ಚಪ್ಪಲಿ ಇದ್ವು.”

ಹೊರಗೆ ಗುಡ್ಡದ ಹಳ್ಳಗಳು ನಾಲೆಗೆ ಸುರಿಯುವ ಸದ್ದು ಕೇಳುತ್ತಿತ್ತು. ನೂರೈನ್ ಅಜ್ಜನ ಕಡೆ ತಿರುಗಿ ಅಂದಳು: “ದಾದಾ, ಆಗ್ಲೇ ಯಾಕೆ ಮನೆಗೆ ಬರ್ಲಿಲ್ಲ ನೀವು? ಎರಡು ವರ್ಷ ಆಗ್ತಾ ಬಂತು. ಇವತ್ತು ನಡೀರಿ. ಊಟ ಬ್ಯಾಡ, ಏನೂ ಬ್ಯಾಡ.”

“ಒಂದ್ಸಲ ಇಲ್ಲಿಂದ ಬಂದಿದ್ದೆ ಬೇಟಿ. ಎದೆನೋವು ಅಂತ ಕಡೂರಿನ ಆಸ್ಪತ್ರೇಲಿ ಮೂರು ದಿನ ಮಲಗಿದ್ನಲ್ಲ, ನೀನೇ ಗಂಜಿ ತಂದು ಕುಡ್ಸಿದ್ದೆ. ಆ ಮೂರು ದಿನ ಇಲ್ಲಿ ಎಲೆ ಹಾಕೋರು ಇರ್ಲಿಲ್ಲ. ಮೂರನೇ ದಿನ ಏನಾಯ್ತು ಅಂತ ತಾಹಾನ ಕೇಳು.”

ತಾಹಾ ನೆಲ ನೋಡುತ್ತಲೇ ಹೇಳಿದ: “ದೋಣೀಲಿ ಆರು ಜನ ಕೂತಿದ್ರು ಅಕ್ಕ, ಇಬ್ರು ಮಕ್ಕಳು. ನಾನೇ ಬಿಗಿದಿದ್ದ ಹಗ್ಗ. ಗಂಟು ಬಿಚ್ಚಿ ಸುತ್ತಿ ಮೆಟ್ಲ ಮೇಲೆ ನೀಟಾಗಿ ಇಟ್ಟಿತ್ತು. ದೋಣಿ ಸುರಂಗದ ಕಡೆ ಹೊರಟಿತ್ತು. ದಂಡೆ ಮೇಲೆ ಓಡಿ, ಸುರಂಗದ ಬಾಯಿ ಸರಪಳಿ ಹಿಡ್ಕೊಂಡು ದೋಣಿ ಎಳ್ದೆ... ಹೆಂಗೆ ಎಳ್ದೆ ಅಂತ ನನಗೇ ಗೊತ್ತಿಲ್ಲ.”

“ಹೊನ್ನಯ್ಯನೂ ಅದೂ ಹಸ್ಕೊಂಡಿದ್ರು, ಅಷ್ಟೇ,” ಎಂದರು ದಾವೂದ್ ಸಾಬ್. “ಊಟ ಸಿಗದಿದ್ರೆ ಉಣ್ಣೋರನ್ನ ಕರ್ಕೊಂಡು ಹೋಗ್ತಾರೆ. ಅದಕ್ಕೇ ದಿನಾ ಎರಡು ಎಲೆ ಹಾಕ್ತೀನಿ. ನಾನು ಕೂಗಲ್ಲ, ಯಾರ ಹೆಸರೂ ಹಿಡಿಯಲ್ಲ. ತಾವಾಗೇ ಬತ್ತಾರೆ. ಬಡಿಸ್ತೀನಿ, ಬಾಯಲ್ಲಿ ದೇವರ ಹೆಸರು ಹೇಳ್ಕೊಂಡು ನೀರಿನ ಅಂಚಿನ ತನಕ ಹೋಗಿ ಕಳಿಸ್ತೀನಿ. ಒಂದು ಬೆರಳು ನೀರಿಗೆ ತಾಕಿಸಿಲ್ಲ ಇವತ್ತಿನ ತನಕ. ಒಂದಲ್ಲ ಒಂದು ದಿನ ಎಲೆ ಆಚೆಗೆ ಮಡಚ್ತಾರೇನೋ ಅಂತ ಕಾಯ್ತಾ ಇದೀನಿ. ಆವತ್ತು ನಾನೇ ನಿನ್ನ ಚೀಲ ಎತ್ಕೊಂಡು ಮನೆಗೆ ಬತ್ತೀನಿ.”

ಅವರು ಎದ್ದು ಮೂಲೆಯಿಂದ ಎರಡು ಬಾಳೆಎಲೆ ತಂದು, ನೀರು ಚಿಮುಕಿಸಿ, ಅಂಗೈಯಿಂದ ಒರೆಸಿದರು. ನೂರೈನ್ ತಟಕ್ಕನೆ ಎದ್ದು ಅವರ ತೋಳು ಹಿಡಿದಳು. “ನಾನು ಬಿಡಲ್ಲ ದಾದಾ. ಇವತ್ತು ಮೆಟ್ಲ ಹತ್ರ ಹೋಗ್ಬೇಡಿ.”

ಮುದುಕ ಅವಳ ಕೈಯನ್ನು ಮೃದುವಾಗಿ ಬಿಡಿಸಿ, ಅರ್ಧ ತೆರೆದ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು.

“ಮೆಟ್ಲ ಹತ್ರ ನಾನ್ಯಾಕೆ ಹೋಗ್ಲಿ ತಾಯಿ? ಬೆಳಗ್ಗೆ ಹನ್ನೊಂದು ಮೆಟ್ಲು ನೀರಿಂದ ಮೇಲಿದ್ವು. ಈ ಕತೆ ಶುರು ಮಾಡಿದಾಗ ಐದು. ಈಗ ನೋಡು... ಜಗಲಿ ಕಲ್ಲು ಕಾಣ್ತೈತಾ? ನಾನು ಇಳಿಯಲ್ಲ ಅಂತ ಹೊನ್ನಯ್ಯಂಗೆ ಚೆನ್ನಾಗಿ ಗೊತ್ತು. ಅದಕ್ಕೇ ಇವತ್ತು ನೀರನ್ನೇ ಜೊತೇಲಿ ಕರ್ಕೊಂಡು ಬತ್ತಾವ್ನೆ.”