ಒಂದೇ ಪಟ್ಟಿಯಲ್ಲಿ ಎರಡು ಎದೆಬಡಿತ

ಸಭೆಯನ್ನು ನಡೆಸಿಕೊಡುತ್ತಿರುವ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನ ಪ್ರಯೋಗಾಲಯದ ಒಡನಾಡಿಗಳೇ, ಊಟದ ಹೊತ್ತು ಮೀರುತ್ತಿದ್ದರೂ ಕದಲದೆ ಕೂತಿರುವ ಸಭಿಕರೇ,

ಈಗಷ್ಟೇ ನನ್ನನ್ನು ಪರಿಚಯಿಸಿದವರು, ವಯಸ್ಸಾದವರ ಚರ್ಮಕ್ಕೆ ನೋವಾಗದಂತೆ ಎದ್ದು ಬರುವ, ಮತ್ತೆ ಅಂಟಿಸಿದರೂ ಸರಿಯಾಗಿ ಕೆಲಸ ಮಾಡುವ ಎಲೆಕ್ಟ್ರೋಡನ್ನು ನಾನು ದೂರದೃಷ್ಟಿಯಿಂದ ರೂಪಿಸಿದೆ ಎಂದರು. ದೂರದೃಷ್ಟಿಯೇ? ನನಗೆ ಹಿಂದಿನ ಬೀದಿಯೇ ಕಂಡಿರಲಿಲ್ಲ. ಬರೆದುಕೊಂಡು ಬಂದ ಭಾಷಣ ಕೈಚೀಲದಲ್ಲೇ ಇರಲಿ. ನಡೆದದ್ದನ್ನು ಹೇಳಿಬಿಡುತ್ತೇನೆ.

ಎಲೆಕ್ಟ್ರೋಡ್ ಎಂದರೆ ಎದೆಗೆ ಅಂಟಿಸುವ ಪಟ್ಟಿಯ ಅಡಿಯಲ್ಲಿರುವ ಸಣ್ಣ ಬಿಲ್ಲೆ. ಹೃದಯ ಬಡಿದಾಗ ಚರ್ಮದ ಮೇಲೆ ಏಳುವ ತೀರ ಸಣ್ಣ ವಿದ್ಯುತ್ತನ್ನು ಅದು ಹಿಡಿಯಬೇಕು, ಪಟ್ಟಿ ಅದನ್ನು ತಂತಿಯಿಲ್ಲದೆ ನಮ್ಮ ಪರದೆಗೆ ಕಳಿಸಬೇಕು. ಕೇಳಲು ಸುಲಭ. ಆದರೆ ಚರ್ಮ ಬೆವರುತ್ತದೆ, ಒಣಗುತ್ತದೆ, ಸುಕ್ಕಾಗುತ್ತದೆ. ಮನುಷ್ಯ ಕೆಮ್ಮಿದರೂ ಪರದೆಯ ಮೇಲಿನ ಗೆರೆ ಕುಣಿಯುತ್ತದೆ. ಬಿಲ್ಲೆಗೂ ಚರ್ಮಕ್ಕೂ ನಡುವಿನ ಜೆಲ್ ಒಣಗಿದರಂತೂ ಹೃದಯ ಕೇಳಿಸುವುದೇ ಇಲ್ಲ, ಬರೀ ಗದ್ದಲ. ಆ ಗದ್ದಲದ ಜೊತೆ ಗುದ್ದಾಡುವುದೇ ನನ್ನ ಕಸುಬು. ಕಚೇರಿಯಲ್ಲಿ ತಡೆದ ಗದ್ದಲವನ್ನೆಲ್ಲ ಮನೆಗೆ ತರುತ್ತೀಯ ಎಂದು ನನ್ನ ಗಂಡ ಹೇಳುವುದುಂಟು. ಇರಲಿ.

ಪಟ್ಟಿಯನ್ನು ವಯಸ್ಸಾದವರ ಮೇಲೆ ಪರೀಕ್ಷಿಸಬೇಕಿತ್ತು. ಒಪ್ಪಿಕೊಂಡವರಲ್ಲಿ ನನ್ನ ಅಮ್ಮನೂ ಒಬ್ಬಳು. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಒಬ್ಬಳೇ ನನ್ನನ್ನು ಓದಿಸಿದವಳು. ಅಪ್ಪ, ನಾನು ಶಾಲೆ ಸೇರುವ ಮೊದಲೇ ಮನೆ ಬಿಟ್ಟು ಹೋದ ಮನುಷ್ಯ. ಎಲ್ಲಿದ್ದಾರೆ ಎಂದು ಕೇಳಿದಾಗೆಲ್ಲ ಅಮ್ಮ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಕೇಳುವುದನ್ನೇ ಬಿಟ್ಟೆ.

ಅಮ್ಮನ ಪಟ್ಟಿಗೆ ಒಂದು ವಿಚಿತ್ರ ಕಾಯಿಲೆಯಿತ್ತು. ಮಧ್ಯಾಹ್ನವಾದರೆ ಸಾಕು, ಸಂಪರ್ಕ ತಪ್ಪುತ್ತಿತ್ತು. ತುಸು ಹೊತ್ತಿಗೆ ಗೆರೆ ಮರಳುತ್ತಿತ್ತು, ಆದರೆ ಅದರ ಆಕಾರವೇ ಬೇರೆ. ಮತ್ತೆ ತಪ್ಪುತ್ತಿತ್ತು. ಸಂಜೆಗೆ ಎಲ್ಲ ಸರಿ. ಬೆವರಿಗೆ ಬಿಚ್ಚಿಕೊಳ್ಳುತ್ತದೆ, ನಾನೇ ಒತ್ತಿ ಅಂಟಿಸಿಕೊಳ್ಳುತ್ತೇನೆ ಎಂದಳು ಅಮ್ಮ. ಪಟ್ಟಿ ಜಾಗ ಬದಲಿಸಿದರೆ ಗೆರೆಯ ಆಕಾರ ಬದಲಾಗುವುದು ಸಹಜ, ನಂಬಿದೆ. ಅಂಟನ್ನು ಗಟ್ಟಿ ಮಾಡಿದೆ. ತಪ್ಪಿತು. ಇನ್ನೂ ಗಟ್ಟಿ ಮಾಡಿದೆ. ಆಗಲೂ ತಪ್ಪಿತು. ಅಮ್ಮನ ಎದೆಯ ಚರ್ಮ ಕೆಂಪಾಗಿ ಸುಲಿದಿತ್ತು. ಸಾಕಮ್ಮ, ಪಟ್ಟಿ ತೆಗೆದುಬಿಡೋಣ ಎಂದರೆ ಅವಳಿಗೆ ಗಾಬರಿ. ನನಗೇನೂ ಉರಿಯುವುದಿಲ್ಲ, ಇರಲಿ ಎಂದಳು. ಸುಲಿದ ಚರ್ಮದ ಮೇಲೆ ಪಟ್ಟಿ ಬೇಕೇ ಬೇಕು ಎನ್ನುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಒಂದು ದಿನ ನಮ್ಮ ಜೊತೆ ಕೆಲಸ ಮಾಡುವ ಹೃದಯತಜ್ಞೆ, ದೋಷವೆಂದು ನಾವು ಕತ್ತರಿಸಿ ಎಸೆಯುವ ಭಾಗವನ್ನೂ ನೋಡಬೇಕು ಎಂದರು. ಮಧ್ಯಾಹ್ನದ ಹೊತ್ತು, ಅಮ್ಮನ ಪಟ್ಟಿಯ ಗೆರೆ ಪರದೆಯ ಮೇಲೆ ಹರಿದು ಬರುತ್ತಲೇ ಇತ್ತು. ಅವರು ಬೆಳಗಿನ ಗೆರೆಯನ್ನು ಅದರ ಪಕ್ಕಕ್ಕೆ ತಂದು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದು ಅಂಟಿನ ದೋಷ ಅಲ್ಲ ಮೇಡಂ. ಇದು ನಿಮ್ಮ ತಾಯಿಯ ಹೃದಯವೇ ಅಲ್ಲ. ಯಾರದೋ ಹೃದಯ, ನಡುನಡುವೆ ನಿಂತು ನಿಂತು ಹೊಡೀತಿದೆ. ಯಾರೇ ಆಗಿರಲಿ, ಇವತ್ತೇ ಆಸ್ಪತ್ರೆಗೆ ಬರಬೇಕು."

ಯಾರೇ ಆಗಿರಲಿ ಎಂದರೆ ಯಾರು? ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೆ ಓಡಿದೆ. ಫೋನು ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ದಿನಾ ಈ ಹೊತ್ತಿಗೆ ಹಿಂದಿನ ಬೀದಿಯ ಮುದ್ರಣಾಲಯದ ಮಹಡಿಗೆ ಹೋಗುತ್ತಾರಲ್ಲ, ನಿಮಗೆ ಗೊತ್ತಿಲ್ಲವೇ ಎಂದರು ಪಕ್ಕದ ಮನೆಯಾಕೆ.

ಹೋದೆ. ಕೆಳಗಿನ ಯಂತ್ರಗಳ ಸದ್ದಿಗೆ ಮೆಟ್ಟಿಲಿನ ಕಂಬಿ ಅದುರುತ್ತಿತ್ತು. ಮೇಲಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅಂಗಿ ಬಿಚ್ಚಿ ಕೂತ ವೃದ್ಧರೊಬ್ಬರು. ಅಮ್ಮ ಬಿಸಿನೀರಿನ ಬಟ್ಟೆಯಿಂದ ಅವರ ಎದೆಯ ಮೇಲಿನ ಪಟ್ಟಿಯ ಅಂಚನ್ನು ನೆನೆಸುತ್ತಿದ್ದಳು. ಅವರು ತಲೆಯೆತ್ತಿದರು. ಸಭಿಕರೇ, ದಿನವೂ ಕನ್ನಡಿಯಲ್ಲಿ ನೋಡಿದ ಮೂಗು, ನೋಡಿದ ಹಣೆ, ಗಲ್ಲದ ಅದೇ ಗುಳಿ, ಗುರುತೇ ಇಲ್ಲದ ಮುಖದ ಮೇಲೆ ಕಂಡರೆ ಏನಾಗುತ್ತದೆ? ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ನಿನ್ನಪ್ಪ," ಎಂದಳು ಅಮ್ಮ. ಕೈಯಲ್ಲಿನ ಬಟ್ಟೆ ಬಿಡಲಿಲ್ಲ. "ಔಷಧಿ ಅಂಗಡಿ ಮುಂದೆ ಸಿಕ್ಕಿದ್ರು. ಆಗಾಗ ತಲೆ ತಿರುಗಿ ಬೀಳ್ತಾರೆ, ಡಾಕ್ಟರ ಹತ್ರ ಮಾತ್ರ ಬರಲ್ಲ. ನಿನಗೆ ಹೇಳಿದ್ರೆ ನನ್ನನ್ನೂ ಇಲ್ಲಿಗೆ ಬಿಡ್ತಿರಲಿಲ್ಲ. ನಿನ್ನ ಯಂತ್ರಕ್ಕಾದ್ರೂ ಗೊತ್ತಾಗಲಿ ಅಂತ ನನ್ನ ಪಟ್ಟಿ ಕಿತ್ತು ಇವರಿಗೆ ಅಂಟಿಸ್ತಿದ್ದೆ. ನೀನು ನೋಡಿದ್ರೆ ಅಂಟು ಗಟ್ಟಿ ಮಾಡ್ತಾನೇ ಹೋದೆ. ಕೀಳೋಕೆ ಪ್ರಾಣ ಹೋಗ್ತಿತ್ತು ಕಣೆ."

ಅಂದರೆ ಅಷ್ಟು ದಿನ ನಾನು ಗದ್ದಲವೆಂದು ಕತ್ತರಿಸಿ ಎಸೆದದ್ದು ಈ ಮನುಷ್ಯನ ಎದೆಬಡಿತ. ನನ್ನ ಎಲೆಕ್ಟ್ರೋಡ್ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ನೂರಿದ್ದವು. ಬಾಯಿಂದ ಹೊರಟದ್ದು ಮಾತ್ರ ಕಸುಬಿನ ಮಾತು.

"ಪಟ್ಟಿ ಕೀಳಬೇಡಿ. ಅಂಗಿ ಹಾಕಿಕೊಳ್ಳಿ, ಆಸ್ಪತ್ರೆಗೆ ಹೋಗೋಣ."

ಅವರು ಅಂಗಿ ತೊಟ್ಟು ಎದ್ದರು. ದಾರಿಯಿಂದಲೇ ಹೃದಯತಜ್ಞೆಗೆ ಫೋನ್ ಮಾಡಿದೆ. ಆಸ್ಪತ್ರೆಯ ಗೇಟಿನ ಬಳಿ ಅವರ ತಲೆ ನನ್ನ ಹೆಗಲಿಗೆ ವಾಲಿತು. ಕೈಯಲ್ಲಿದ್ದ ಫೋನಿನ ಪರದೆಯ ಗೆರೆ ಚಪ್ಪಟೆಯಾಯಿತು. ಅಭ್ಯಾಸಬಲ ನೋಡಿ, ಪಟ್ಟಿಯೇ ಬಿಟ್ಟಿರಬೇಕೆಂದು ಅಂಗಿಯೊಳಗೆ ಕೈ ಹಾಕಿ ಒತ್ತಿದೆ. ಪಟ್ಟಿ ಭದ್ರವಾಗಿಯೇ ಇತ್ತು. ನಿಂತದ್ದು ಹೃದಯ. ಆಮೇಲೆ ಒಂದು ಬಡಿತ ಬಂತು, ಇನ್ನೊಂದು ಬಂತು, ಅಷ್ಟರಲ್ಲಿ ಹೃದಯತಜ್ಞೆ ಕಳಿಸಿದ ಜನ ಓಡಿ ಬಂದರು. ಸಂಜೆಯೊಳಗೆ ಅವರ ಎದೆಗೆ ಪೇಸ್‌ಮೇಕರ್ ಕೂರಿಸಿದರು.

ವಾರ್ಡಿನಲ್ಲಿ ಕೊನೆಗೂ ಕೇಳಿದೆ, ಯಾಕೆ ಹೋದಿರಿ ಎಂದು. "ನಿನ್ನ ಮುಂದೆ ಹೇಳೋಕೆ ಯೋಗ್ಯವಾದ ಕಾರಣ ಒಂದೂ ಇಲ್ಲ ಮಗಳೇ" ಎಂದರು. ನನಗೆ ಸಮಾಧಾನವಾಯಿತೇ? ಇಲ್ಲ. ಇವತ್ತಿಗೂ ಇಲ್ಲ. ಆದರೆ ಅಂಟನ್ನು ಗಟ್ಟಿ ಮಾಡುವುದನ್ನು ನಿಲ್ಲಿಸಿ, ಅಮ್ಮನಂಥವರು ಬರಿಗೈಯಲ್ಲಿ ಮೆಲ್ಲಗೆ ತೆಗೆದು ಇನ್ನೊಂದು ಎದೆಗೆ ಅಂಟಿಸಬಲ್ಲ ಪಟ್ಟಿ ಮಾಡಿದೆ. ನೀವು ದೂರದೃಷ್ಟಿ ಎಂದದ್ದು ಇದನ್ನೇ.

ಸನ್ಮಾನಿಸಿದ ಸಂಸ್ಥೆಗೆ, ಎಸೆದದ್ದನ್ನು ಎತ್ತಿ ನೋಡಿದ ಹೃದಯತಜ್ಞೆಗೆ, ಚರ್ಮ ಸುಲಿಸಿಕೊಂಡ ನನ್ನ ಅಮ್ಮನಿಗೆ, ತಾಳ್ಮೆಯಿಂದ ಕೇಳಿದ ನಿಮಗೆ ನಾನು ಋಣಿ. ಈ ಫಲಕ ಅಮ್ಮನ ಕೈ ಸೇರಬೇಕು. ಅವಳು ಮೂರನೆಯ ಸಾಲಿನಲ್ಲಿದ್ದಾಳೆ, ನಾನೇ ಇಳಿದು ಬರುತ್ತೇನೆ. ಅಯ್ಯೋ, ನೀವು ಏಳಬೇಡಿ ಅಪ್ಪ, ಅಲ್ಲೇ ಅಮ್ಮನ ಪಕ್ಕ ಕೂತಿರಿ.

ಎಲ್ಲರಿಗೂ ನಮಸ್ಕಾರ.