ಒಂದು ಸ್ಟೂಲು, ಇಬ್ಬರ ಲೆಕ್ಕ

"ಹಲೋ… ಹಲೋ, ಯಾರು ಮಾತಾಡ್ತಿರೋದು? ದೀಪೂನಾ?… ನಾನ್ ಕಣೋ, ವನಿತಕ್ಕ. … ಹಾಂ, ಇದು ಗೇಟ್ ಕಾಯೋ ಮರಿಯಯ್ಯನ ಫೋನು. ನನ್ ನಂಬರು ನೋಡುದ್ರೆ ನೀನು ಎತ್ತಲ್ವಲ್ಲ, ಅದ್ಕೇ."

ಫೋನು ಕೊಟ್ಟ ಮರಿಯಯ್ಯ ಇವಳ ದನಿಯ ಏರು ಕೇಳಿ ಗೇಟಿನ ಆ ಬದಿಗೆ ಸರಿದು ನಿಂತ. ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆಗಷ್ಟೇ ಕೂಗಿ ಸುಮ್ಮನಾಗಿತ್ತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ಈ ಶೆಡ್ಡಿನಲ್ಲಿ, ಸ್ಕೂಟರುಗಳ ಹೊಟ್ಟೆಯೊಳಗೆ ಹರಿಯುವ ವೈರುಗಳನ್ನು ಬಣ್ಣ ನೋಡಿ ಜೋಡಿಸಿ ಕಟ್ಟುತ್ತಾರೆ. ವನಿತಾ ಆ ಕೆಲಸಕ್ಕೆ ಸೇರಿದಾಗ ಅವಳ ಚಿಕ್ಕಮ್ಮನ ಮಗ ದೀಪಕ್ ಇನ್ನೂ ಚಡ್ಡಿ ಹಾಕುತ್ತಿದ್ದ.

"ಚೆನ್ನಾಗಿದೀರಾ ಅಂತೆಲ್ಲ ಕೇಳ್ಬೇಡ. ಎಲ್ಲಿದೀಯ ಈಗ? ಹಿಂದೆ ಯಾರೋ ಹೆಂಗಸು ಮೈಕಲ್ಲಿ ಕೂಗ್ತಾವ್ಳೆ… ಏರ್ಪೋರ್ಟಾ? ಅಳತೆ ಮಾಡೋಕೆ ಹೋಗಿದೀಯೋ, ಪ್ಲೇನ್ ಹತ್ತೋಕೆ ಹೋಗಿದೀಯೋ? … ದಿಲ್ಲಿಗಾ? ಆ ವರದಿ ಓದೋಕಾ? … ಓದು ಓದು. ಇಲ್ಲಿ ಬೆಳಿಗ್ಗೇನೇ ಓದಿದ್ದಾಯ್ತು."

ಓದಿದವರು ಮ್ಯಾನೇಜರ್ ಮಲ್ಲಿಕಾರ್ಜುನ್. ಬದಲಾಗುತ್ತಿರುವ ದೇಶದಲ್ಲಿ ಯಾವ ವಿಮಾನ ನಿಲ್ದಾಣ, ಯಾವ ಕಾರ್ಖಾನೆ ಎಷ್ಟು ದಕ್ಷ ಎಂದು ಸಂಶೋಧನೆ ಮಾಡುತ್ತಿರುವ ದೀಪಕನೂ ಅವನ ಪ್ರೊಫೆಸರೂ ಸೇರಿ ಅಳೆದು ಬರೆದದ್ದು ಅದು. ಹೆಡ್ಡಾಫೀಸಿನವರ ಕೈಗೆ ಅದು ಹೇಗೋ ಸಿಕ್ಕಿತ್ತು. ಮುಂದಿನ ತಿಂಗಳಿಂದ ವೈರು ಕಟ್ಟುವ ಕೆಲಸವನ್ನೆಲ್ಲ ತಿ. ನರಸೀಪುರದ ಕಂಟ್ರಾಕ್ಟರ್ ಮಾದೇಶನಿಗೆ ಕೊಡುವುದೆಂದು ಅಲ್ಲಿ ಮಾತಾಗಿತ್ತು. ಸಂಜೆಯೊಳಗೆ ಮಲ್ಲಿಕಾರ್ಜುನ್ ಒಪ್ಪಿಗೆ ಕಳಿಸಿದರೆ ಮುಗಿಯಿತು. ಮಾದೇಶನ ವ್ಯಾನಿನಲ್ಲಿ ಬರುವವರು ಇಡೀ ದಿನ ಕೂರಬಲ್ಲ ಚಿಕ್ಕ ವಯಸ್ಸಿನ ಹುಡುಗಿಯರು ಮಾತ್ರ. ವನಿತಾಳಂಥವರಿಗೆ ಅದರಲ್ಲಿ ಜಾಗವಿರಲಿಲ್ಲ.

"ನೂರಕ್ಕೆ ಐವತ್ತೆರಡು ಕೊಟ್ಟಿದೀಯಂತೆ ನಮ್ಗೆ. … ಐವತ್ತೆರಡು! ಪಿಯುಸಿ ಎಕನಾಮಿಕ್ಸಲ್ಲಿ ನಿಂಗೂ ಅಷ್ಟೇ ಬಂದಿದ್ದಲ್ವಾ? ಆವಾಗ ನಿನ್ನ ಯಾರಾದ್ರೂ ಕಂಟ್ರಾಕ್ಟರಿಗೆ ಕೊಟ್ರಾ?"

"… ಮಾಡೆಲ್ಲಾ? ಅದೇನು ಬಿಡಿಸಿ ಹೇಳು, ನಂಗೂ ತಿಳೀಲಿ. … ಹಾಂ. ಒಳಕ್ಕೆ ಏನೇನು ಹೋಗುತ್ತೆ, ಹೊರಕ್ಕೆ ಏನೇನು ಬರುತ್ತೆ. … ಒಳಕ್ಕೆ ಹೋಗೋದು ಕರೆಂಟು, ಮಿಷನ್ನು, ಜನ. … ಜನಾನ ಹೆಂಗೆ ಎಣಿಸ್ದೆ? … ಹೆಸರು ನೋಡಿ. ಒಂದು ಹೆಸರಿಗೆ ಒಂದು ತಲೆ. … ಅಂದ್ರೆ ನಾನೊಂದು ತಲೆ, ನಿಮ್ಮಮ್ಮ ಒಂದು ತಲೆ. ಹಂಗೇ ತಾನೇ?"

ಆ ಕಡೆ ಮೈಕಿನ ಹೆಂಗಸು ಇನ್ಯಾವುದೋ ಊರಿನ ಹೆಸರು ಹೇಳುತ್ತಿದ್ದಳು.

ಇಲ್ಲಿ ಅದಕ್ಕೆ ಜೋಡಿ ಎನ್ನುತ್ತಾರೆ. ಒಂದು ಸ್ಟೂಲಿಗೆ ಇಬ್ಬರು ಹೆಂಗಸರು. ಬೆಳಗಿನ ಬಸ್ಸಿಗೆ ಬಂದವಳು ಊಟದ ಹೊತ್ತಿನವರೆಗೆ ವೈರು ಕಟ್ಟಿ ಏಳುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ಬಂದವಳು ಅದೇ ಸ್ಟೂಲಿನಲ್ಲಿ ಕೂತು ಮುಂದುವರಿಸುತ್ತಾಳೆ. ಹಾಜರಿಯಲ್ಲಿ ಇಬ್ಬರ ಹೆಸರೂ ಇರುತ್ತದೆ, ಸಂಬಳ ಅರ್ಧರ್ಧ. ಶುರುವಿನಲ್ಲಿ ಇಡೀ ದಿನಕ್ಕೆ ಹೆಂಗಸರು ಸಿಗದೆ ಯಾವನೋ ಹಳೆಯ ಮ್ಯಾನೇಜರ್ ಒಪ್ಪಿಕೊಂಡ ಏರ್ಪಾಡು, ಆಮೇಲೆ ಅದೇ ರೂಢಿಯಾಯಿತು. ಅತ್ತೆ ಸೊಸೆ, ಅಕ್ಕ ತಂಗಿ, ವಾರಗಿತ್ತಿಯರು ಹೀಗೆ ಜೋಡಿ. ಊರಲ್ಲಿ ಮಾತು ಬಿಟ್ಟವರು ಕೂಡ ಇಲ್ಲಿ ಒಂದೇ ಸ್ಟೂಲಿನವರು. ವನಿತಾಳ ಜೋಡಿ ಅವಳ ಚಿಕ್ಕಮ್ಮ ಮುತ್ತಮ್ಮ. ದೀಪಕನ ತಾಯಿ.

"ಹೇಳೋ. ಜೋಡಿ ಅಂದ್ರೆ ಏನು ಅಂತ ನಿಂಗೆ ಗೊತ್ತಿರ್ಲಿಲ್ವಾ? … ನಿನ್ನೇ ಕೇಳ್ತಿರೋದು, ಗೊತ್ತಿರ್ಲಿಲ್ವಾ? ಸುತ್ತೂರಲ್ಲಿ ಬೆಳಿಗ್ಗೆ ನಿಂಗೆ ತಲೆ ಬಾಚಿ ಮಠದ ಸ್ಕೂಲಿಗೆ ಕಳಿಸ್ತಿದ್ದೋಳು ಯಾರು? ನಿಮ್ಮಮ್ಮನಾ? ನಿಮ್ಮಮ್ಮ ಆ ಹೊತ್ತಲ್ಲಿ ಇಲ್ಲಿ ವೈರು ಕಟ್ತಿದ್ಲು ಕಣೋ. ಬಾಚಿದ್ದು ನಾನು! ಈಗ ಬೆಳಿಗ್ಗೆ ನಿಮ್ಮಪ್ಪನ್ನ ಎತ್ತಿ ಕೂರ್ಸಿ ಮೊಕ ತೊಳ್ಸೋದೂ ನಾನೇ. ನಾನ್ ಇಲ್ಲಿಗೆ ಬಂದ ಮೇಲೆ ನನ್ ಮಕ್ಕಳಿಗೆ ಅನ್ನ ಹಾಕೋದು ನಿಮ್ಮಮ್ಮ. ಅದು ನಿನ್ ಮಾಡೆಲ್ಲಲ್ಲಿ ಒಳಕ್ಕೆ ಹೋಗುತ್ತೋ, ಹೊರಕ್ಕೆ ಬರುತ್ತೋ?"

"… ರೂಲ್ಸಾ? ಎಲ್ಲಾ ಕಡೆ ತಲೇನೇ ಎಣಿಸ್ಬೇಕಾ? … ಸರಿ. ನಿನ್ ಸುತ್ತ ಒಂದ್ಸಾರಿ ನೋಡು. ನೆಲ ಒರೆಸೋರು ಇದಾರಾ? … ಟ್ರಾಲಿ ತಳ್ಳೋರು? … ಅವ್ರ ತಲೆ ಎಣಿಸಿದ್ಯಾ? … ಯಾಕೆ? … ಹಾಂ ಹಾಂ, ಕಂಟ್ರಾಕ್ಟರ್ ಜನ, ಏರ್ಪೋರ್ಟಿನೋರಲ್ಲ. ಅಂದ್ರೆ ಅವ್ರು ಒರೆಸಿದ ನೆಲ ಲೆಕ್ಕಕ್ಕೆ ಬರುತ್ತೆ, ಅವ್ರು ಬರಲ್ಲ. ಹಂಗಾರೆ ಮಾದೇಶನ ಕೈಗೆ ಹೋದ ಮೇಲೆ ಇದೇ ಫ್ಯಾಕ್ಟರಿಗೆ ನೂರಕ್ಕೆ ತೊಂಬತ್ತು ಬರುತ್ತೆ, ಅಲ್ವಾ? … ಅಲ್ವಾ? … ನಗ್ಬೇಡ ಕಣೋ. ನಾನು ಜೋಕ್ ಮಾಡ್ತಿಲ್ಲ."

ಅವಳ ಇನ್ನೊಂದು ಕೈ ಗೇಟಿನ ಸರಳನ್ನು ಹಿಡಿದಿತ್ತು. ಒಳಗಿನಿಂದ ಬೆಳಗಿನ ಪಾಳಿಯವರು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ಫೋನು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

"ಏನು? … ಜೋರಾಗಿ ಹೇಳು. … ಬೇಕಂತ್ಲೇನಾ? … ಬೇಕಂತ್ಲೇ ಇಬ್ರು ಅಂತ ಹಾಕಿದ್ಯಾ?"

ಅವನು ಹೇಳುತ್ತ ಹೋದ. ತಲೆಯ ಬದಲು ಗಂಟೆ ಎಣಿಸಬಹುದಿತ್ತು, ಅದು ಅವನಿಗೆ ಹೊಳೆದೂ ಇತ್ತು. ಗಂಟೆ ಎಂದು ಬರೆದಿದ್ದರೆ, ಒಂದು ಸ್ಟೂಲಿಗೆ ಎರಡು ಹೆಸರು ಯಾಕೆ ಎಂದು ಮೇಲಿನವರು ಕೇಳುತ್ತಿದ್ದರು. ಒಬ್ಬಳನ್ನೇ ಇಡೀ ದಿನ ಕೂರಿಸಿ, ಪ್ರತಿ ಸ್ಟೂಲಿನಿಂದ ಇನ್ನೊಬ್ಬಳನ್ನು ಕಿತ್ತು ಹಾಕುತ್ತಿದ್ದರು. ಇಬ್ಬರೂ ಉಳಿಯಲಿ ಎಂದೇ ಇಬ್ಬರು ಎಂದು ಬರೆದದ್ದು. ಒಬ್ಬರ ಕೆಲಸಕ್ಕೆ ಇಬ್ಬರೆಂದಾಗಿ ಅಂಕ ಇಳಿದು, ಆ ಅಂಕಿಯೇ ತಿರುಗಿ ಇಲ್ಲಿಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅವನು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಸುಳ್ಳಿಲ್ಲ ಎಂಬುದೇ ವನಿತಾಳ ಸಿಟ್ಟನ್ನು ಇನ್ನಷ್ಟು ಏರಿಸಿತು.

"ನಮ್ಮನ್ನ ಕೇಳಿದ್ಯಾ? … ಕೇಳಿದ್ಯಾ ಅಂದೆ. ವಾರಗಟ್ಲೆ ಇಲ್ಲೇ ಇದ್ಯಲ್ಲ, ನಮ್ ಡಬ್ಬೀಲೇ ಕೈ ಹಾಕಿ ಉಂಡ್ಯಲ್ಲ. ಅಕ್ಕ, ಹಿಂಗೆ ಬರುದ್ರೆ ಹಿಂಗಾಗುತ್ತೆ, ಹಂಗೆ ಬರುದ್ರೆ ಹಂಗಾಗುತ್ತೆ, ನೀವೇನಂತೀರಿ ಅಂತ ಒಂದ್ ಮಾತು ಕೇಳಿದ್ಯಾ? ಹಸು ಮಾರೋವಾಗ ಹಸೂನ ಯಾರ್ ಕೇಳ್ತಾರೆ, ಅಲ್ವಾ?"

"… ಅಳ್ಬೇಡ. ಪ್ಲೇನ್ ಹತ್ತೋರೆಲ್ಲ ನೋಡ್ತಾರೆ. ಈಗ ಒಂದು ಕೆಲಸ ಮಾಡು. ಮಲ್ಲಿಕಾರ್ಜುನ್ ಸಾರಿಗೂ ಹೆಡ್ಡಾಫೀಸಿಗೂ ಮೇಲ್ ಹಾಕು. ಲೆಕ್ಕ ತಪ್ಪಾಗಿದೆ, ಇಬ್ರು ಸೇರಿ ಒಬ್ರ ಕೆಲಸ, ಗಂಟೆ ಎಣಿಸಿ ಅಂತ. … ಪ್ರೊಫೆಸರು ಬೈತಾರಾ? ಬೈಸ್ಕೋ. ನಿನ್ನಕ್ಕ ಅಂತ ಬಸ್ಸಿಳಿದಾಗಿಂದ ಇಲ್ಲಿ ಎಲ್ರ ಹತ್ರ ನಾನು ಬೈಸ್ಕೊಂಡಿಲ್ವಾ? … ಒಬ್ಬಳ್ನ ತೆಗೀತಾರೆ, ಗೊತ್ತು ಕಣೋ. ಈಗ ಇಬ್ರೂ ಹೋಗ್ತಿದೀವಲ್ಲ, ಅದಕ್ಕಿಂತ ಕೆಟ್ಟದ್ದಾ?"

"… ಏನಂದೆ? … ಅಮ್ಮ ಕೆಲಸ ಬಿಡ್ಲಿ, ನೀನಿರು ಅಂತೀಯಾ?"

ತನಗೀಗ ಸ್ಕಾಲರ್‌ಶಿಪ್ ಬರುತ್ತದೆ, ಅಮ್ಮ ದುಡಿಯಬೇಕಾದ ದರ್ದೇ ಇಲ್ಲ ಎನ್ನುತ್ತಿದ್ದ ಅವನು. ವನಿತಾ ತಲೆಯೆತ್ತಿದಳು. ಮುತ್ತಮ್ಮ ಎದುರಿಗೇ ಇದ್ದಳು. ಕೆಲಸದ ಟೋಪಿಯ ಗೆರೆ ಹಣೆಯ ಮೇಲೆ ಇನ್ನೂ ಮೂಡಿತ್ತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಮತ್ತೆ ನೀನೇ ತೀರ್ಮಾನ ಮಾಡ್ತಿದೀಯಲ್ಲೋ! ಈಗ ತಾನೇ ಏನ್ ಹೇಳ್ದೆ ನಾನು? … ತಗೋ ಚಿಕ್ಕಮ್ಮ, ನಿನ್ ಮಗ ನಿನ್ನ ಕೆಲ್ಸ ಬಿಡಿಸ್ತಾವ್ನೆ. ನೀನೇ ಮಾತಾಡು."

ಮುತ್ತಮ್ಮ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಅಲೋ… ಯಾರು, ದೀಪಾನಾ? … ಉಂಡಾ ಮಗ? … ಊಂ. … ಊಂ. … ನಾನ್ಯಾಕ್ಲಾ ಬುಡ್ಲಿ?"

"… ದುಡ್ ಕಳುಸ್ತೀಯೆ, ಇಲ್ಲ ಅಂದ್ನಾ? ನಾನಿಲ್ಲಿಗ್ ಬರೋದು ದುಡ್ಡಿಗೊಂದೇ ಅಂತ ಯಾರೇಳುದ್ರು ನಿಂಗೆ? ಇಡೀ ದಿನ ನಿಮ್ಮಪ್ಪನ್ ಮಂಚದ್ ಪಕ್ಕ ಕುಂತಿದ್ರೆ ನಾನೂ ಅಂಗೇ ಮನಿಕಂಡ್ಬುಡ್ತೀನಿ ಕಣಪ್ಪ. ಅರ್ದ ದಿನ ಆಚಿಗ್ ಬಂದು ನಾಕ್ ಜನದ ಮೊಕ ನೋಡುದ್ರೆ, ಇನ್ನರ್ದ ದಿನ ಅವ್ನ ಮೇಲೆ ರೇಗ್ದೆ ನೋಡ್ಕತೀನಿ. … ಇವ್ಳೂ ಬುಡಾಕಿಲ್ಲ. ಇಬ್ರೂ ಬುಡಾಕಿಲ್ಲ."

"… ಆಗಾಕಿಲ್ಲ ಅಂತ ಅವ್ರೇಳ್ಲಿ. ಅವ್ರೇಳಕ್ ಮುಂಚೆ ನೀನ್ಯಾಕ್ಲಾ ಏಳೀಯೆ? ನೀನು ಇರೋದ್ನ ಇದ್ದಂಗೆ ಬರ್ದು ಕಳ್ಸು. ಆಮೇಕೆ ನಾವಿಬ್ರೂವೆ ಓಗಿ ಅವ್ರ ಮುಂದೆ ನಿಂತ್ಕತೀವಿ. … ಊಂ, ನಾವು ನಿಂತ್ಕತೀವಿ, ನೀನ್ ಬರ್ಬ್ಯಾಡ."

ರಸ್ತೆಯಲ್ಲಿ ಸುತ್ತೂರಿನ ಬಸ್ಸು ನಿಂತು ಹಾರ್ನ್ ಮಾಡಿತು. ಮುತ್ತಮ್ಮ ಅತ್ತ ನೋಡಲಿಲ್ಲ. ಬೆಳಗಿನವರಲ್ಲಿ ಒಬ್ಬರೂ ಬಸ್ಸಿನತ್ತ ಹೆಜ್ಜೆಯಿಡಲಿಲ್ಲ. ಒಂದು ಗಳಿಗೆ ಕಾದು ಅದು ಖಾಲಿಯೇ ಹೊರಟುಹೋಯಿತು. ಮನೆಯಲ್ಲಿ ಮಂಚ ಹಿಡಿದಿರುವ ಚಿಕ್ಕಪ್ಪ ಚಿಕ್ಕಮಾದನಿಗೆ ಉಣ್ಣಲಿಕ್ಕುವಂತೆ ಪಕ್ಕದ ಮನೆಯ ಚಾಮುಂಡಮ್ಮನಿಗೆ ಹೇಳಿಕಳಿಸಬೇಕು ಎಂದು ವನಿತಾಳ ತಲೆಯಲ್ಲಿ ಹಾದುಹೋಯಿತು.

"… ಯಾರ್ಲಾ ಅದು ಕೂಗ್ತಿರೋದು? … ಪ್ಲೇನ್ ಬಾಗ್ಲು ಆಕ್ತಾವ್ರಾ? ಆಕ್ಲಿ ಬುಡು. ನೀ ಮೊದ್ಲು ಕಳ್ಸು. … ಒತ್ತುದ್ಯಾ? … ಒತ್ತೋ ಮಗ. … ದೀಪಾ? … ಕಳುಸ್ದಾ? … ಅಲೋ? … ಅಲೋ?"

ಮುತ್ತಮ್ಮ ಫೋನನ್ನು ಕಿವಿಯಿಂದ ತೆಗೆದು, ಬೆಳಕು ಆರಿದ ಅದರ ಗಾಜನ್ನು ಸೆರಗಿನಿಂದ ಒರೆಸಿ ಮರಿಯಯ್ಯನಿಗೆ ಕೊಟ್ಟಳು.

"ಏನಂದ ಚಿಕ್ಕಮ್ಮ? ಕಳಿಸ್ದಾ?"

"ಕಟ್ಟಾಯ್ತು. ಕಳ್ಸಿದ್ರೆ ಸರಿ, ಇಲ್ದಿದ್ರೆ ಮ್ಯಾನೇಜರ್ ಸಾರ್ಗೆ ನಾವೇ ಏಳವ. ನಡಿ."